ಈ ಸಲಾನೂ ಅರ್ಜಿ ಹಾಕಲಿಲ್ಲ

ವರ್ಗಾವಣೆ ಅರ್ಜಿ ಹಾಕುವ ದಿನ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ಮಾತು ತಪ್ಪದೇ ಬರುತ್ತದೆ. ಹೆಂಡತಿ ರೊಟ್ಟಿ ಬಡಿಯುತ್ತಾ, ತಿರುಗಿಯೂ ನೋಡದೆ ಕೇಳುತ್ತಾಳೆ: "ರೀ, ಈ ಸಲನಾದ್ರೂ ಹಾಕ್ತೀರೋ ಇಲ್ಲೋ?" ನಾನು "ನೋಡೋಣ" ಅನ್ನುತ್ತೇನೆ. ಹೀಗೆ ನೋಡ್ತಾ ನೋಡ್ತಾ ಆನೆಗೊಂದಿಯಲ್ಲಿ ಹದಿಮೂರು ವರ್ಷ ಆಯಿತು.

ನಾನು ಗಣಿತದ ಮೇಷ್ಟ್ರು. ಹುಟ್ಟೂರು ರಾಯಚೂರು. 2012ರಲ್ಲಿ ಇಲ್ಲಿ ಹತ್ತಿರದ ಒಂದು ಸರ್ಕಾರಿ ಶಾಲೆಗೆ ಬಂದೆ. ಎರಡು ವರ್ಷ ಇದ್ದು ರಾಯಚೂರಿಗೇ ವಾಪಸ್ ಹೋಗುವುದು ಅಂತ ಲೆಕ್ಕ ಹಾಕಿದ್ದೆ. ಸಾಮಾನು ಕಟ್ಟಿದ ಎರಡು ರಟ್ಟಿನ ಪೆಟ್ಟಿಗೆಗಳನ್ನು ಹಾಗೇ ಬಿಚ್ಚದೆ ಅಟ್ಟದ ಮೇಲೆ ಇಟ್ಟಿದ್ದೆ. ಹೇಗಿದ್ದರೂ ಮತ್ತೆ ಕಟ್ಟಬೇಕಲ್ಲ ಅಂತ. ಒಂದನ್ನು ಇಲಿ ತಿಂದಿತು. ಇನ್ನೊಂದು ಈಗಲೂ ಇದೆ, ಒಳಗೇನಿದೆ ಅಂತ ಇಬ್ಬರಿಗೂ ನೆನಪಿಲ್ಲ.

ಕೃಷ್ಣಾ, ತುಂಗಭದ್ರಾ ಎರಡೂ ಹೊಳೆಗಳ ನಡುವಿನ ಜಿಲ್ಲೆ ನಮ್ಮದು ಅಂತ ಬಾಯಿಪಾಠ ಮಾಡಿ ಬೆಳೆದವರು ನಾವು. ಆದರೆ ರಾಯಚೂರು ಪೇಟೆಯಲ್ಲಿದ್ದವನಿಗೆ ಹೊಳೆ ಎಲ್ಲಿ ಕಾಣಬೇಕು? ನನ್ನ ಬಾಲ್ಯದ ನೀರು ಅಂದರೆ ನಲ್ಲಿ ನೀರು. ಅದೂ ಬಂದ ದಿನ. ಬೆಳಗಿನ ಜಾವ ಅಮ್ಮ ಎಬ್ಬಿಸಿ ಕೊಡ ಹಿಡಿಸುತ್ತಿದ್ದಳು. ಹಾಗಾಗಿ ಇಲ್ಲಿಗೆ ಬಂದ ಮೊದಲ ವಾರ ಸಂಜೆ ಹೊಳೆ ದಂಡೆಗೆ ಹೋಗಿ ಸುಮ್ನೆ ಕೂರುತ್ತಿದ್ದೆ. ಇಷ್ಟು ನೀರು ಯಾರೂ ಹಿಡಿದಿಟ್ಟುಕೊಳ್ಳದೆ ಹಾಗೇ ಹೋಗ್ತಿದೆಯಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು!

ಊರಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ತುಂಗಭದ್ರೆಯ ಈಚೆ ದಡ ಆನೆಗೊಂದಿ, ಆಚೆ ದಡ ಹಂಪಿ. ಹಂಪಿಗೆ ಜಗತ್ತೇ ಬರುತ್ತದೆ, ನಮ್ಮನ್ನು "ಹಂಪಿ ಆಚೆ ದಡ" ಅನ್ನುತ್ತಾರೆ. ಆದರೆ 1336ರಲ್ಲಿ ವಿಜಯನಗರ ಶುರುವಾಗುವುದಕ್ಕೂ ಮುಂಚೆಯೇ ಇಲ್ಲಿ ಕೋಟೆ ಇತ್ತು, ಊರಿತ್ತು. ಹಂಪಿ ಈಗ ವಿಜಯನಗರ ಜಿಲ್ಲೆ, ನಾವು ಕೊಪ್ಪಳ. ಅದೂ 1997ರಿಂದ. ಅದಕ್ಕೂ ಮೊದಲು ಈಚೆ ದಡವೆಲ್ಲ ರಾಯಚೂರು ಜಿಲ್ಲೆಯೇ. ಅಂದರೆ ಒಂದು ಲೆಕ್ಕದಲ್ಲಿ ನಾನಿನ್ನೂ ನನ್ನ ಜಿಲ್ಲೆಯಲ್ಲೇ ಇದ್ದೇನೆ. ಇದನ್ನು ಹೆಂಡತಿಗೆ ಹೇಳಿ ಒಮ್ಮೆ ಬೈಸಿಕೊಂಡಿದ್ದೂ ಆಗಿದೆ.

ಈ ಊರಲ್ಲಿ ಮಳೆಗಾಲದಲ್ಲಿ ಯಾರೂ "ಊಟ ಆಯ್ತಾ" ಅಂತ ಮಾತು ಶುರು ಮಾಡುವುದಿಲ್ಲ. "ಎಷ್ಟು ಬಿಟ್ಟಾರಂತ್ರಿ?" ಅನ್ನುತ್ತಾರೆ. ಬಿಡುವುದು ನೀರು. ಬಿಡುವವರು ಮೇಲಿನ ಡ್ಯಾಮಿನವರು. ಉತ್ತರ ಬರುವುದು ಕ್ಯೂಸೆಕ್ ಲೆಕ್ಕದಲ್ಲಿ. "ಮೂವತ್ತು ಸಾವಿರ ಅಂತ", "ಎಂಬತ್ತು ದಾಟೇತಂತ". ಶಾಲೆ ಮೆಟ್ಟಿಲು ಹತ್ತದ ಅಜ್ಜಿಯರ ಬಾಯಲ್ಲೂ ಕ್ಯೂಸೆಕ್ಕು ಸಲೀಸು. ಎಷ್ಟು ಬಿಟ್ಟರೆ ಯಾವ ಕಲ್ಲು ಮುಳುಗುತ್ತದೆ ಅನ್ನುವುದು ಅವರಿಗೆ ಕಂಠಪಾಠ. ಲಕ್ಷ ದಾಟಿದರೆ ಹೊಳೆಯೊಳಗಿನ ಅರವತ್ನಾಲ್ಕು ಕಂಬದ ಮಂಟಪ ಮುಳುಗುತ್ತದೆ. ಕೃಷ್ಣದೇವರಾಯನ ಸಮಾಧಿ ಅಂತ ಜನ ನಂಬಿಕೊಂಡು ಬಂದ ಮಂಟಪ ಅದು. ನವಬೃಂದಾವನದ ನಡುಗಡ್ಡೆಗೆ ದಾರಿ ಬಂದ್ ಆಗುತ್ತದೆ. ಕೆಳಗೆ ಕಂಪ್ಲಿ ಸೇತುವೆ ಮೇಲೂ ನೀರು ಬಂತಂತೆ ಅನ್ನುವ ಸುದ್ದಿ ಬರುತ್ತದೆ.

ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಬೇಕೇ? ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಹತ್ತಿರ ಹತ್ತಿರ 28 ಲೀಟರ್. ಮಕ್ಕಳಿಗೆ "ಸೆಕೆಂಡಿಗೆ ಎರಡು ಕೊಡ" ಅನ್ನುತ್ತೇನೆ, ತಕ್ಷಣ ತಲೆಗೆ ಹೋಗುತ್ತದೆ. ದಿನಕ್ಕೆ 86,400 ಸೆಕೆಂಡು. ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 864 ಕೋಟಿ ಘನ ಅಡಿ. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ. ಅಲ್ಲಿಗೆ 8.64 ಟಿಎಂಸಿ. ಪುಸ್ತಕದ ಸೊನ್ನೆಗಳಿಗೆ ಹೆದರುವ ಹುಡುಗರು ಈ ಸೊನ್ನೆಗಳನ್ನು ಎಣಿಸುವಾಗ ಒಂದೂ ತಪ್ಪುವುದಿಲ್ಲ.

2024ರ ಆಗಸ್ಟ್ ನೆನಪಿರಬಹುದು. ಹತ್ತನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕಿತ್ತುಕೊಂಡು ಹೋಯಿತು. ಭಾನುವಾರ ಬೆಳಗ್ಗೆ ನಾನು ಹಾಲಿಗೆ ಹೋದಾಗ ಅಂಗಡಿ ಕಟ್ಟೆ ಮೇಲೆ ಹತ್ತಾರು ಜನ, ಎಲ್ಲರೂ ಒಂದೇ ಮೊಬೈಲಿಗೆ ಬಗ್ಗಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಡ್ಯಾಂ ತುಂಬಿದ್ದ ವರ್ಷ ಅದು. ನಾಟಿ ಆಗಿತ್ತು, ಇನ್ನೂ ಆಗುತ್ತಿತ್ತು.

ಸೋಮವಾರ ಎಂಟನೇ ತರಗತಿಗೆ ಹೋದರೆ ಯಾರಿಗೂ ಪಾಠ ಬೇಡ. ಸರಿ, ಇದನ್ನೇ ಮಾಡೋಣ ಅಂದೆ. ಆ ಒಂದು ಗೇಟಿನಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ಹೋಗುತ್ತಿದೆ ಅಂತ ಸುದ್ದಿ. ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿ ಗುಣಿಸಿ, ಕೈ ಎತ್ತಿ, "ಸರ, ದಿನಕ್ಕ ಮೂರು ಟಿಎಂಸಿ" ಅಂದಳು. ಡ್ಯಾಂ ಹಿಡಿಯುವುದು ಎಷ್ಟು? ಕಟ್ಟಿದಾಗ 132, ಹೂಳು ತುಂಬಿ ಈಗ ಸುಮಾರು 105. ಗೇಟು ರಿಪೇರಿ ಮಾಡಬೇಕಂದರೆ ಅರ್ಧಕ್ಕಿಂತ ಹೆಚ್ಚು ನೀರು ಖಾಲಿ ಮಾಡಬೇಕಾಗುತ್ತದೆ ಅಂತ ಮಾತು. ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ವರ್ಷವಿಡೀ ಒಂದು ಮಾತೂ ಆಡದ ಹುಡುಗ. "ಸರ, ಹಂಗಾರ ನಮ್ಮ ಗದ್ದಿಗೆ ಎಷ್ಟು ಉಳಿತೈತಿ?"

ಆ ಲೆಕ್ಕ ನನಗೆ ಮಾಡಲು ಬರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಸುಮ್ನೆ ನಿಂತದ್ದು ಅದೊಂದೇ ಸಲ.

ಕೊನೆಗೆ ಹರಿಯುವ ನೀರಲ್ಲೇ ತಡೆ ಹಲಗೆಗಳನ್ನು ಒಂದೊಂದಾಗಿ ಇಳಿಸಿದರು. ಹದಿನೇಳಕ್ಕೆಲ್ಲ ಕೆಲಸ ಮುಗಿಯಿತು. ಆಮೇಲೆ ಮಳೆಯೂ ಕೈಬಿಡಲಿಲ್ಲ, ಡ್ಯಾಂ ಮತ್ತೆ ತುಂಬಿತು. ಆ ಹುಡುಗ ಸುಗ್ಗಿ ಆದ ಮೇಲೆ ಒಂದು ಚೀಲದಲ್ಲಿ ಮೂರು ಸೇರು ಹೊಸ ಅಕ್ಕಿ ತಂದು ಸ್ಟಾಫ್ ರೂಮಿನ ಬಾಗಿಲಲ್ಲಿ ಇಟ್ಟು ಓಡಿಹೋದ.

ರಾಯಚೂರಿಗೆ ಹೋದಾಗಲೆಲ್ಲ ಸ್ನೇಹಿತರು ಕೇಳುತ್ತಾರೆ: "ಅಲ್ಲೇನೈತೋ? ಕಲ್ಲು, ಮಂಗ್ಯಾ ಬಿಟ್ರ ಮತ್ತೇನು?" ತಮಾಷೆಗೆ ಕೇಳಿದರೂ ಸುಳ್ಳಲ್ಲ. ಕಲ್ಲೂ ಇದೆ, ಮಂಗ್ಯಾನೂ ಇದೆ. ಆದರೆ ಈ ಊರಿನ ಕಲ್ಲು ಕೆಲಸ ಬಿಟ್ಟು ಕೂತ ಕಲ್ಲಲ್ಲ. ಹೊಳೆಗೆ ಹೋಗುವ ದಾರಿಯಲ್ಲಿ ಹಳೆಯ ಕೋಟೆ ಬಾಗಿಲಿದೆ. ಅದರಡಿಯಲ್ಲೇ ಎಮ್ಮೆ ಹೋಗುತ್ತವೆ, ಬೈಕು ಹೋಗುತ್ತವೆ, ಮದುವೆ ದಿಬ್ಬಣ ಹೋಗುತ್ತದೆ. ಮಧ್ಯಾಹ್ನ ಬಿಸಿಲಿಗೆ ಅದರ ನೆರಳಲ್ಲಿ ಇಬ್ಬರು ಮೂವರು ಅಡ್ಡಾಗಿರುತ್ತಾರೆ. ಗಗನ ಮಹಲಿನ ಮುಂದೆ ಸಂಜೆ ಹುಡುಗರ ಕ್ರಿಕೆಟ್. ಯಾವುದೋ ಕಾಲದ ಕಂಬದ ತುಂಡಿನ ಮೇಲೆ ನಮ್ಮ ಓಣಿಯವರು ಬಟ್ಟೆ ಕುಕ್ಕುತ್ತಾರೆ. ಮೊದಲು ನೋಡಿದಾಗ "ಅಯ್ಯೋ, ಇದೇನು" ಅನಿಸಿತ್ತು. ಈಗ ನಮ್ಮ ಮನೆ ಬಟ್ಟೆಯೂ ಅಲ್ಲೇ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಕಾಲುವೆ. ವಿಜಯನಗರದ ಕಾಲದಲ್ಲಿ ಹೊಳೆಗೆ ಅಲ್ಲಲ್ಲಿ ದೊಡ್ಡ ಬಂಡೆಗಳ ಒಡ್ಡು ಹಾಕಿ ಎರಡೂ ದಂಡೆಗೆ ಕಾಲುವೆ ತೆಗೆದರಲ್ಲ, ಅವುಗಳಲ್ಲಿ ಆನೆಗೊಂದಿ ಕಾಲುವೆಯೂ ಒಂದು. 1565ರ ತಾಳಿಕೋಟೆ ಯುದ್ಧ ಆಯಿತು, ಆಚೆ ದಡದ ಪಟ್ಟಣ ಹಾಳಾಯಿತು, ಅರಮನೆಗಳು ಬರೀ ತಳಪಾಯ ಆದವು. ಕಾಲುವೆಯಲ್ಲಿ ಮಾತ್ರ ಇವತ್ತೂ ನೀರು ಬರುತ್ತದೆ, ಬಾಳೆಗೂ ಭತ್ತಕ್ಕೂ ಹೋಗುತ್ತದೆ. ನೀರಿನ ಪಾಳಿಗೆ ಅಣ್ಣ ತಮ್ಮಂದಿರು ಇವತ್ತೂ ಜಗಳ ಆಡುತ್ತಾರೆ. ಒಂದು ಸಲ ಬೆಳಗ್ಗೆ ವಾಕಿಂಗ್ ಹೋದಾಗ ಇಬ್ಬರು ಸಲಿಕೆ ಹಿಡಿದು ಎದುರುಬದುರು ನಿಂತಿದ್ದರು. ನನ್ನನ್ನು ನೋಡಿ, "ಬರ್ರಿ ಸರ, ನೀವ ಲೆಕ್ಕಾ ಮಾಡ್ರಿ, ಇವನ ಪಾಳಿ ಎಷ್ಟೊತ್ತಿಗೆ ಮುಗಿತೈತಿ" ಅಂದರು. ನಾನು ಅವಸರದಲ್ಲಿ ಶಾಲೆಗೆ ಹೊರಟವನ ಹಾಗೆ ನಟಿಸಿ ಪಾರಾದೆ.

ಹರಿಗೋಲಿನ ವಿಷಯ ಬೇರೆಯೇ ಹೇಳಬೇಕು. ನಾನು ಬಂದ ಹೊಸದರಲ್ಲಿ ಆಚೆ ದಡದ ತಳವಾರಘಟ್ಟಕ್ಕೆ ದಾಟಲು ಹರಿಗೋಲೇ ಗತಿ. ಸೇತುವೆ ಕಟ್ಟುತ್ತಿದ್ದರಂತೆ. 2009ರ ಜನವರಿಯಲ್ಲಿ ಕೆಲಸ ನಡೆಯುವಾಗಲೇ ಅದು ಕುಸಿದು ಜೀವಗಳೂ ಹೋದವು. ಅದರ ಮಾತು ತೆಗೆದರೆ ಇವತ್ತೂ ಊರಿನವರು ದನಿ ಇಳಿಸುತ್ತಾರೆ. ಹಾಗಾಗಿ ನಾನು ನನ್ನ ಸ್ಕೂಟರನ್ನು ಹರಿಗೋಲಿಗೆ ಹತ್ತಿಸಿ, ಅದರ ಪಕ್ಕ ಒಂದು ಕುರಿ, ನಾಲ್ಕು ಜನ, ಎರಡು ಬಾಳೆಗೊನೆ, ಎಲ್ಲರೂ ಉಸಿರು ಹಿಡಿದು ದಾಟಿದ್ದುಂಟು. ಆಮೇಲೆ ಕಡೇಬಾಗಿಲು–ಬುಕ್ಕಸಾಗರದ ನಡುವೆ ಸೇತುವೆ ಆಯಿತು. ಈಗ ಸ್ಕೂಟರು ತಾನಾಗೇ ಹೋಗುತ್ತದೆ. ಒಳ್ಳೆಯದೇ ಆಯಿತು. ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಹರಿಗೋಲಲ್ಲಿ ಕೂರಿಸುವುದು ಯಾರಿಗೂ ಬೇಡ.

ಹರಿಗೋಲು ಕಟ್ಟುವ ಅಜ್ಜ ಒಬ್ಬರಿದ್ದಾರೆ. ಬೇಸಿಗೆ ರಜೆಯಲ್ಲಿ ನಾನು ಅವರ ಹತ್ತಿರ ಹೋಗಿ ಕೂರುತ್ತೇನೆ. ಹಸಿ ಬಿದಿರನ್ನು ಬೆರಳಗಲ ಸೀಳಿ, ನಡುವಿನಿಂದ ನಕ್ಷತ್ರದ ಹಾಗೆ ಹೆಣೆಯುತ್ತಾ ಹೋಗುತ್ತಾರೆ. ನಡುವೆ ಕಲ್ಲು ಹೇರಿ ಅಂಚನ್ನು ಮೇಲಕ್ಕೆ ಬಗ್ಗಿಸುತ್ತಾರೆ. ಹಿಂದೆ ಮೇಲೆ ಎಮ್ಮೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಚೀಲ, ಅದರ ಮೇಲೆ ಕಾಯಿಸಿದ ಡಾಂಬರು. ಆ ವಾಸನೆ ಬಂತೆಂದರೆ ನನಗೆ ರಜೆ ಶುರುವಾದ ಹಾಗೆ.

ಒಂದು ದಿನ ಅವರ ಬಳಿ ಟೇಪು ಇಲ್ಲದ್ದನ್ನು ನೋಡಿ, "ಅಜ್ಜಾರ, ಬಾಯಿಕಟ್ಟಿಗೆ ಎಷ್ಟು ಉದ್ದ ಬಿದಿರು ಬೇಕಂತ ಹೆಂಗ ಗೊತ್ತಾಗ್ತೈತಿ?" ಅಂತ ಕೇಳಿದೆ. ಅವರು ತಲೆ ಎತ್ತದೇ ಹೇಳಿದರು. "ಐದು ಮೊಳ ಅಗಲದ್ದಾದ್ರ ಹದಿನೈದು ಮೊಳ, ಮ್ಯಾಲೊಂದೂವರಿ ಗೇಣು." ನಾನು ಅಲ್ಲೇ ಮಣ್ಣಲ್ಲಿ ಕಡ್ಡಿಯಿಂದ ಗೀಚಿದೆ. ಮೊಳಕ್ಕೆ ಎರಡು ಗೇಣು. ಒಂದೂವರೆ ಗೇಣು ಅಂದರೆ ಮುಕ್ಕಾಲು ಮೊಳ. ಸುತ್ತಳತೆ ಹದಿನೈದೂಮುಕ್ಕಾಲನ್ನು ಅಗಲ ಐದರಿಂದ ಭಾಗಿಸಿದರೆ 3.15. ನಾನು ವರ್ಷಕ್ಕೆ ಎರಡು ವಾರ ಬೋರ್ಡಿನ ಮೇಲೆ ಒದ್ದಾಡುವ ಪೈ! ಖುಷಿ ತಡೆಯಲಾಗದೆ ಅವರಿಗೆ ಪೈ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ. ಎಲ್ಲ ಕೇಳಿ ಅಜ್ಜ ಬೀಡಿ ಹಚ್ಚಿ, "ಅದ ಅಲ್ರೀ ನಾ ಹೇಳಿದ್ದು" ಅಂದರು.

ಮರುವರ್ಷ ಏಳೆಂಟು ಹುಡುಗರನ್ನು ಕರೆದುಕೊಂಡು ಹೋಗಿ ಆ ಪಾಠ ಅವರಿಂದಲೇ ಮಾಡಿಸಿದೆ. ಅಜ್ಜನಿಗೆ ಈಗ ಪ್ರವಾಸಿಗರನ್ನು ಗಿರಗಿರ ತಿರುಗಿಸುವ ಹರಿಗೋಲಿನದೇ ಜಾಸ್ತಿ ಕೆಲಸ. ಅದು ಅವರಿಗೆ ಅಷ್ಟು ಸೇರುವುದಿಲ್ಲ. "ದಾಟಸೂದು ಬ್ಯಾರೆ, ತಿರಗಸೂದು ಬ್ಯಾರೆ" ಅನ್ನುತ್ತಾರೆ. ಆದರೆ ದುಡ್ಡು ತಿರುಗಿಸುವುದರಲ್ಲೇ.

ಇಷ್ಟೆಲ್ಲ ಬರೆದ ಮೇಲೆ ಬೈಯದೇ ಹೋದರೆ ಹೆಂಡತಿ ಓದಿ ನಗುತ್ತಾಳೆ. ನಾವಿರುವುದು ಮಣ್ಣಿನ ಮಾಳಿಗೆ ಮನೆ. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಮಳೆಗಾಲದಲ್ಲಿ ಮೂರು ಕಡೆ ಸೋರುತ್ತದೆ. ಯಾವ ಪಾತ್ರೆ ಎಲ್ಲಿಗೆ ಅಂತ ಗೊತ್ತುಮಾಡಿ ಇಟ್ಟಿದ್ದೇವೆ. ಬೆಳಕಿಂಡಿ ತೆರೆದಿಟ್ಟರೆ ಮಂಗ ಕೈ ಇಳಿಸುತ್ತದೆ. ಒಮ್ಮೆ ನನ್ನ ಕಣ್ಣೆದುರೇ ರೊಟ್ಟಿ ಬುಟ್ಟಿ ಮೇಲಕ್ಕೆ ಹೋಯಿತು. ಹಳೆಯ ಊರು, ಸುತ್ತ ಸ್ಮಾರಕಗಳು, ಹೊಸದಾಗಿ ಏನು ಕಟ್ಟಬೇಕಂದರೂ ಅನುಮತಿ ಬೇಕು. ಪಕ್ಕದ ಮನೆಯವರು ಒಂದು ಕೋಣೆಗಾಗಿ ಫೈಲು ಹಿಡಿದು ಎಷ್ಟು ಓಡಾಡಿದರು ಅಂತ ಕಣ್ಣಾರೆ ನೋಡಿದ್ದೇನೆ. ಶನಿವಾರ ಬಂತೆಂದರೆ ಅಂಜನಾದ್ರಿಗೆ ಬರುವ ಗಾಡಿಗಳ ಸಾಲು. 575 ಮೆಟ್ಟಿಲು ಹತ್ತಿ ಹನುಮಪ್ಪನ ದರ್ಶನ ಮಾಡುವವರ ಭಕ್ತಿಗೆ ನನ್ನದೇನೂ ತಕರಾರಿಲ್ಲ. ಆದರೆ ಆ ದಿನ ನಮಗೆ ಗಂಗಾವತಿಗೆ ಹೋಗಿ ಬರುವುದೇ ಒಂದು ತಪಸ್ಸು. ಒಳ್ಳೆ ಚಪ್ಪಲಿಗೂ ಗಂಗಾವತಿ, ಹಲ್ಲು ನೋವಿಗೂ ಗಂಗಾವತಿ.

ಒಂದು ರಾತ್ರಿ ಮಾತ್ರ ನಾನು ನಿಜವಾಗಿ ಹೊರಟುಬಿಡಬೇಕು ಅಂದುಕೊಂಡಿದ್ದೆ. ಅಮ್ಮ ಬಂದಿದ್ದಳು. ಹಿತ್ತಲಲ್ಲಿ ಚೇಳು ಕಡಿಯಿತು. ಹತ್ತೂವರೆ ಆಗಿತ್ತು. ಹತ್ತಿರದ ದವಾಖಾನೆಗೆ ಬೀಗ. ಫೋನು ಎತ್ತುವವರಿಲ್ಲ. ಅಮ್ಮನ ಮೈಯೆಲ್ಲ ಬೆವರು, ಕೈ ತಣ್ಣಗೆ. ಓಣಿಯಲ್ಲಿ ಟಾಟಾ ಏಸ್ ಓಡಿಸುವ ಹುಡುಗ ಉಣ್ಣುತ್ತಿದ್ದವನು ಕೈ ತೊಳೆದು ಹಾಗೇ ಎದ್ದು ಬಂದ. ಗಾಡಿಯಲ್ಲಿ ಬಾಳೆಗೊನೆ ಇದ್ದವು, ಇಳಿಸಲು ಹೊತ್ತಿಲ್ಲ. ಅಮ್ಮನನ್ನು ಮುಂದೆ ಕೂರಿಸಿ, ನಾನು ಗೊನೆಗಳ ನಡುವೆ ನಿಂತು ಗಂಗಾವತಿ ಸೇರಿದೆವು. ಬೆಳಗಾಗುವಷ್ಟರಲ್ಲಿ ಅಮ್ಮ ಚೇತರಿಸಿಕೊಂಡಳು. ದುಡ್ಡು ಕೊಡಲು ಹೋದರೆ ಆ ಹುಡುಗ, "ಹೆಂಗೂ ಬಾಳೆಕಾಯಿ ಮಾರಾಕ ಬೆಳಿಗ್ಗೆ ಬರೂದಿತ್ರಿ ಸರ, ರಾತ್ರಿನ ಬಂದ್ವಿ" ಅಂದ. ನನಗೆ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಬೀಗ ಹಾಕಿದ್ದ ಬಾಗಿಲೂ ಇದೇ ಊರು, ಅರ್ಧ ಊಟಕ್ಕೆ ಎದ್ದ ಹುಡುಗನೂ ಇದೇ ಊರು.

2019ರ ಜುಲೈಯಲ್ಲೂ ಹೀಗೇ ಒಂದು ಗೊಂದಲ. ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ಬೃಂದಾವನಗಳಿವೆ. ಅದಕ್ಕೇ ನವಬೃಂದಾವನ. ಕೃಷ್ಣದೇವರಾಯನ ಕಾಲದ ವ್ಯಾಸರಾಜರದೂ ಅಲ್ಲೇ. ಒಂದು ರಾತ್ರಿ ಯಾರೋ ನಿಧಿ ಆಸೆಗೆ ಅದನ್ನು ಅಗೆದು ಕೆಡವಿ ಹೋದರು. ಬೆಳಗ್ಗೆ ದಂಡೆಯಲ್ಲಿ ಜನವೋ ಜನ. ಮಡಿಯುಟ್ಟು ಬಂದವರು ಅಳುತ್ತಿದ್ದರು. ಆ ಮಠಕ್ಕೂ ಆ ಸಂಪ್ರದಾಯಕ್ಕೂ ಏನೂ ಸಂಬಂಧವಿಲ್ಲದ ನಮ್ಮ ಓಣಿಯ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಒಂದೆರಡು ದಿನದಲ್ಲೇ ಭಕ್ತರು ಸೇರಿ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಅವತ್ತು ಒಬ್ಬ ಅಜ್ಜಿ ನನ್ನ ಕಡೆ ತಿರುಗಿ, "ನಾವು ಇಷ್ಟ್ ವರ್ಷ ಇಲ್ಲೇ ಅದೀವಿ, ನಮಗ ಕಾಣದ ಬಂಗಾರ ಅವರಿಗೆಲ್ಲಿ ಕಂಡೀತು?" ಅಂದಳು.

ಬಂಗಾರ ಅಲ್ಲದಿದ್ದರೂ ನನಗೊಂದು ಕಂಡಿದೆ. ಹೊಳೆ ದಂಡೆಯ ಚಿಂತಾಮಣಿ ಗುಡಿ ಹತ್ತಿರ ಬಂಡೆ ಮೇಲೆ ಬೆಳಗ್ಗೆ ಆರಕ್ಕೆ ಸದ್ದಿಲ್ಲದೆ ಕೂತರೆ ಒಮ್ಮೊಮ್ಮೆ ನೀರುನಾಯಿ ಕಾಣುತ್ತವೆ. ಈ ಹೊಳೆ ಪಟ್ಟಿಯನ್ನು 2015ರಲ್ಲಿ ನೀರುನಾಯಿಗಳ ಮೀಸಲು ಪ್ರದೇಶ ಅಂತ ಮಾಡಿದ್ದಾರೆ. ಹದಿಮೂರು ವರ್ಷದಲ್ಲಿ ನಾನು ನೋಡಿದ್ದು ನಾಲ್ಕೇ ಸಲ. ಒಂದು ಸಲ ಮೂರು ಮರಿಗಳು ಒಂದೇ ಮೀನಿಗೆ ಕಚ್ಚಾಡುತ್ತಿದ್ದವು. ಥೇಟ್ ಏಳನೇ ತರಗತಿ 'ಬಿ' ಸೆಕ್ಷನ್.

ಮೊನ್ನೆ ಮತ್ತೆ ಅರ್ಜಿಯ ಕಾಲ ಬಂತು. ಮತ್ತೆ ಅದೇ ಪ್ರಶ್ನೆ, ಅದೇ "ನೋಡೋಣ". ಆದರೆ ಈ ಸಲ ನಾನು ನಿಜವಾಗಿ ಕೂತೆ. ಮಗಳು ಮುಂದಿನ ವರ್ಷ ಕಾಲೇಜು. ಅಮ್ಮನಿಗೂ ವಯಸ್ಸಾಯಿತು. ಲ್ಯಾಪ್‌ಟಾಪ್ ತೆಗೆದು, ಪಾಸ್‌ವರ್ಡ್ ಮರೆತು, ಹೊಸದು ಮಾಡಿ, ರಾಯಚೂರು ತಾಲ್ಲೂಕಿನ ಖಾಲಿ ಜಾಗಗಳ ಪಟ್ಟಿ ತನಕ ಹೋದೆ. ಕಡೇ ದಿನ ಸಂಜೆ ಐದು ಗಂಟೆ. ನೆಟ್‌ವರ್ಕ್ ಒಂದೇ ಕಡ್ಡಿ.

ಹೊರಗೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಯಾರೋ ಕೂಗಿದರು. "ಅಕ್ಕಾರ, ಸವಳು ಮಣ್ಣು ತಂದೀನ್ರಿ. ಎಲ್ಲಿ ಹಾಕ್ಲಿ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾಳಿಗೆ ಸೋರದಿರಲಿ ಅಂತ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹರಡಿ ತುಳಿಯುತ್ತಾರೆ. ಮನೆ ಮಾಲೀಕರು ಹೊಸಪೇಟೆಯಲ್ಲಿದ್ದಾರೆ, "ನೀವೇ ಹಾಕಿಸಿ, ಬಾಡಿಗೆಯಲ್ಲಿ ಹಿಡ್ಕೊಳ್ರಿ" ಅಂತ ಐದು ವರ್ಷದಿಂದ ಹೇಳುತ್ತಿದ್ದರು. ಇರುವುದು ಎಷ್ಟು ದಿನವೋ ಅಂತ ನಾವು ಹಾಕಿಸಿರಲಿಲ್ಲ.

ನಾನು ಹೊರಗೆ ಬಂದೆ. ಹೆಂಡತಿ ಪಕ್ಕದ ಮನೆ ಕಟ್ಟೆ ಮೇಲೆ ನಾಲ್ಕು ಹೆಂಗಸರ ನಡುವೆ ಕೂತು ಬಾಳೆನಾರಿನ ಹಗ್ಗ ಹೊಸೆಯುತ್ತಿದ್ದಳು. ಮಧ್ಯಾಹ್ನ ಕಳೆದರೆ ಆಕೆ ಇರುವುದೇ ಅಲ್ಲಿ. ಹಗ್ಗ ಕೆಳಗಿಡದೆ, ಗದ್ದದಿಂದಲೇ ಗೋಡೆ ಕಡೆ ತೋರಿಸಿ, "ಅಲ್ಲಿ ಸುರುವಪ್ಪಾ, ಇನ್ನೊಂದು ಟ್ರೇಲರ್ ನಾಳೆ ತಾ" ಅಂದಳು.

"ಎರಡು ಟ್ರೇಲರಾ?" ಅಂದೆ.

"ಮೂರು ಕಡೆ ಸೋರತೈತಲ್ಲ. ನಿಮ್ಮದು ಆತೇನು ಅರ್ಜಿ?"

"ನೆಟ್‌ವರ್ಕ್ ಇಲ್ಲ" ಅಂದೆ.

ಆಕೆ ಏನೂ ಅನ್ನಲಿಲ್ಲ. ನಾನು ಒಳಗೆ ಹೋಗಿ ಲ್ಯಾಪ್‌ಟಾಪ್ ಮುಚ್ಚಿ, ಪ್ಯಾಂಟು ಮಡಚಿಕೊಂಡು, ಸಲಿಕೆ ಹುಡುಕಿದೆ.